ಹೋದ ವೇಗ, ಬಂದ ವೇಗ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಮಂಗಳೂರು ಏರಿಳಿವುಗಳ ಊರು. ಬಾವುಟಗುಡ್ಡೆಯಿಂದ ಹಂಪನಕಟ್ಟೆಗಾಗಲಿ, ಕದ್ರಿಯ ಗುಡ್ಡದಿಂದ ಕದ್ರಿ ಕಂಬಳಕ್ಕಾಗಲಿ ಹೊರಟವನಿಗೆ ಇಳಿಜಾರು ತಪ್ಪಿದ್ದಲ್ಲ. ವಯಸ್ಸಾದ ಮೊಣಕಾಲುಗಳಿಗೆ ಇದರಿಂದ ತೊಂದರೆಯೇ. ವಯಸ್ಸಾದ ಮೋಟಾರುಸೈಕಲುಗಳಿಗೆ ಮಾತ್ರ ಇದೊಂದು ಉಪಕಾರ. ಎಷ್ಟು ಒದ್ದರೂ ಏಳದ ಗಾಡಿಯನ್ನು ಇಳಿಜಾರಿನಲ್ಲಿ ಉರುಳಬಿಟ್ಟರೆ ಅದು ಎಚ್ಚರಗೊಳ್ಳುತ್ತದೆ. ನಮ್ಮ ಓಣಿಯ ತುದಿಮನೆಯ ಹುಡುಗನೊಬ್ಬ ಪ್ರತಿ ಭಾನುವಾರ ಬೆಳಿಗ್ಗೆ ತನ್ನ ಅಜ್ಜ ಬಿಟ್ಟುಹೋದ ಜಾವಾ ಗಾಡಿಯನ್ನು ಹೀಗೆಯೇ ಎಬ್ಬಿಸುತ್ತಾನೆ. ಮೊದಲು ಚಕ್ರ ಉರುಳುವ ಸದ್ದು, ಆಮೇಲೆ ಒಂದು ಕೆಮ್ಮು, ಅದರ ಹಿಂದೆ ನೀಲಿ ಹೊಗೆ, ಕೊನೆಗೆ ಎರಡು ಕೊಳವೆಗಳಿಂದ ಹೊರಡುವ ಆ ಪರಿಚಿತ ಗುಡುಗು. ಜಗಲಿಯಲ್ಲಿ ಪತ್ರಿಕೆ ಹಿಡಿದು ಕುಳಿತಿರುವ ನನ್ನ ಓದು ಅಲ್ಲಿಗೆ ನಿಲ್ಲುತ್ತದೆ.

ಒಂದು ದಿನ ಅವನನ್ನು ಕರೆದು ಕೇಳಿದೆ: "ಇಷ್ಟು ಪಾಡು ಯಾಕಪ್ಪ? ತೊಳೆದು ಒರೆಸಿ ಚಾವಡಿಯಲ್ಲಿ ನಿಲ್ಲಿಸಬಾರದೆ? ಅಜ್ಜನ ನೆನಪಿಗೆ ಅಷ್ಟು ಸಾಲದೆ?"

ಹುಡುಗ ನಕ್ಕ. "ನಿಲ್ಲಿಸಿದ್ರೆ ಅದು ಸತ್ತುಹೋಗ್ತದೆ ಮಾಸ್ಟ್ರೇ. ಇನ್ನೂ ಎಷ್ಟು ಓಡ್ತದೆ ಅಂತ ನೋಡ್ಲಿಕ್ಕುಂಟು" ಎಂದ.

ಆ ಮಾತು ನನ್ನನ್ನು ಚುಚ್ಚಿತೆಂದರೆ ತಪ್ಪಲ್ಲ. ಕೆಲವು ವರ್ಷಗಳ ಹಿಂದೆ, ನಾನು ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಸಂಜೆ, ನನಗೂ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿತ್ತು ಕಳುಹಿಸಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಅಂದಿನಿಂದ ನಾನು ತೊಳೆದು ಒರೆಸಿ ಚಾವಡಿಯಲ್ಲಿ ನಿಲ್ಲಿಸಿದ ಗಾಡಿಯೇ ಆಗಿದ್ದೇನೆ. ಹಳೆಯದಕ್ಕೆ ನಾವು ಸಲ್ಲಿಸಬೇಕಾದ ಗೌರವ ಯಾವುದು? ನಿಲ್ಲಿಸಿ ನೋಡುವುದೋ, ಓಡಿಸಿ ನೋಡುವುದೋ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಕನ್ನಡ ಮೇಷ್ಟರೊಬ್ಬರು ಸಾಮಾನ್ಯವಾಗಿ ಹೋಗದ ದಾರಿಯೊಂದರಲ್ಲಿ ಹೋದೆ. ಹಳೆಯ ಮೋಟಾರುಸೈಕಲುಗಳನ್ನೇರಿ ವೇಗದ ದಾಖಲೆಗಳನ್ನು ಬೆನ್ನಟ್ಟಿದವರ ದಾರಿ ಅದು. ಇಂದಿನ ನನ್ನ ಮಾತು ಅವರನ್ನು ಕುರಿತದ್ದು.

ಜಾವಾ ಎಂದೊಡನೆ ಅದು ಪರದೇಶದ್ದೆಂದು ತಿಳಿಯಬೇಕಾಗಿಲ್ಲ. ಚೆಕೊಸ್ಲೊವಾಕಿಯದ ಪರವಾನಗಿ ಪಡೆದು 1961ರಿಂದ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದು ತಯಾರಾಗುತ್ತಿತ್ತು. ಆಮೇಲೆ ಅದೇ ಕಾರ್ಖಾನೆಯಿಂದ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಒದೆಯುವುದಕ್ಕೂ ಗೇರು ಬದಲಿಸುವುದಕ್ಕೂ ಒಂದೇ ಸನ್ನೆಯಿದ್ದ ಆ ಗಾಡಿ ಕನ್ನಡ ನಾಡಿನ ಒಂದು ತಲೆಮಾರಿನ ಯೌವನದ ವಾಹನವಾಗಿತ್ತು. ತಯಾರಿಸಿದ ಮನೆಯೇ ಮುಚ್ಚಿದ ಮೇಲೆ ಬಿಡಿಭಾಗಗಳನ್ನು ಕೊಡುವವರು ಯಾರು? ಲೇತಿನ ಮುಂದೆ ನಿಂತು ತಮ್ಮ ಕೈಯಿಂದಲೇ ಕಡೆದುಕೊಡುವ ಮೆಕ್ಯಾನಿಕರು. ಅವರಿಂದಾಗಿಯೇ ಈ ಗಾಡಿಗಳು ಇಂದಿಗೂ ಉಸಿರಾಡುತ್ತಿವೆ. ಮುಂದೆ ನಾನು ಹೇಳಲಿರುವ ಕತೆಯ ನಾಯಕನೂ ಇಂಥವರ ಕುಲದವನೇ.

ಅದಕ್ಕೆ ಮೊದಲು ನೆಲದ ಮೇಲಿನ ವೇಗದ ದಾಖಲೆಯೆಂದರೇನು ಎಂಬುದನ್ನು ಸ್ವಲ್ಪ ತಿಳಿಯೋಣ. ಇದು ಪಂದ್ಯವಲ್ಲ, ಪಕ್ಕದಲ್ಲಿ ಓಡುವ ಎದುರಾಳಿ ಇರುವುದಿಲ್ಲ. ನೇರವಾದ ಒಂದು ಹಾದಿ, ಅದರ ನಡುವೆ ಅಳೆದು ಗುರುತು ಮಾಡಿದ ಒಂದು ಮೈಲಿ ಅಥವಾ ಒಂದು ಕಿಲೋಮೀಟರು, ಒಂದು ಗಡಿಯಾರ. ಅಷ್ಟೆ. ಗುರುತಿನ ಮೊದಲು ವೇಗ ಹೆಚ್ಚಿಸಿಕೊಳ್ಳಲು ಕೆಲವು ಮೈಲಿ ಬೇಕು; ಗುರುತು ದಾಟಿದ ಮೇಲೆ ನಿಲ್ಲಲು ಮತ್ತೆ ಕೆಲವು ಮೈಲಿ. ಇಷ್ಟು ಉದ್ದದ ಸಮತಟ್ಟಾದ ನೆಲ ಭೂಮಿಯ ಮೇಲೆ ಬಹಳ ಕಡೆ ಇಲ್ಲ. ಅಮೆರಿಕದ ಯೂಟಾ ರಾಜ್ಯದ ಬಾನೆವಿಲ್ ಎಂಬಲ್ಲಿ ಅಂಥದೊಂದು ಬಯಲಿದೆ. ಹಿಮಯುಗದಲ್ಲಿ ಅಲ್ಲಿ ದೊಡ್ಡ ಸರೋವರವಿತ್ತು. ಅದು ಬತ್ತಿ ಉಪ್ಪು ಉಳಿಯಿತು. ಚಳಿಗಾಲದಲ್ಲಿ ಅದರ ಮೇಲೆ ತೆಳುವಾಗಿ ನೀರು ನಿಲ್ಲುತ್ತದೆ. ಬೇಸಗೆಯಲ್ಲಿ ಆ ನೀರು ಆರಿದಾಗ ನೆಲ ಗಾರೆ ಬಳಿದಂತೆ ನುಣುಪಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 4,200 ಅಡಿ ಎತ್ತರದ ಆ ಬಿಳಿಯ ಬಯಲಿನಲ್ಲಿ ಒಂದು ಮರವಿಲ್ಲ, ನೆರಳಿಲ್ಲ. ಉಪ್ಪಿನ ಮೇಲೆ ಎಳೆದ ಒಂದು ಕಪ್ಪು ಗೆರೆಯೇ ಸವಾರನಿಗೆ ದಾರಿ ತೋರಿಸುವ ಗುರುತು.

ಈ ಲೋಕದ ನಿಯಮಗಳಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಒಂದು. ಅಂತಾರಾಷ್ಟ್ರೀಯ ದಾಖಲೆಯಾಗಬೇಕಾದರೆ ಒಮ್ಮೆ ಓಡಿದರೆ ಸಾಲದು. ಹೋದ ಹಾದಿಯಲ್ಲೇ ಹಿಂದಿರುಗಿ, ಎದುರು ದಿಕ್ಕಿನಲ್ಲಿ ಇನ್ನೊಮ್ಮೆ ಓಡಬೇಕು; ಅದೂ ಎರಡು ಗಂಟೆಗಳ ಒಳಗೆ. ಎರಡೂ ಓಟಗಳ ಸರಾಸರಿಯೇ ದಾಖಲೆ. ಏಕೆಂದು ಕೇಳುವಿರಾದರೆ, ಸಂಜೆಯ ಹೊತ್ತು ಪಣಂಬೂರಿನ ಕಡಲ ದಂಡೆಯಲ್ಲಿ ಸೈಕಲು ತುಳಿದವರನ್ನು ಕೇಳಿ. ಗಾಳಿ ಬೆನ್ನಿಗಿದ್ದಾಗ ಪ್ರತಿಯೊಬ್ಬನೂ ಶೂರನೇ. ಅದೇ ಗಾಳಿ ಎದೆಗೆ ಬಂದಾಗ ಗೊತ್ತಾಗುತ್ತದೆ, ಕಾಲಿನ ಬಲ ಎಷ್ಟು, ಗಾಳಿಯ ದಾನ ಎಷ್ಟು ಎಂದು. ಹೋದ ವೇಗದಲ್ಲಿ ಅದೃಷ್ಟದ ಪಾಲಿರಬಹುದು. ಬಂದ ವೇಗ ಆ ಪಾಲನ್ನು ಕಳೆದು ಲೆಕ್ಕವನ್ನು ಸರಿಪಡಿಸುತ್ತದೆ.

ಗಾಳಿಯ ವಿಷಯದಲ್ಲಿ ಇನ್ನೊಂದು ಲೆಕ್ಕವನ್ನೂ ಹೇಳಬೇಕು. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಆ ತಡೆಯನ್ನು ಸೀಳಿಕೊಂಡು ಹೋಗಲು ಬೇಕಾದ ಅಶ್ವಶಕ್ತಿ ಎಂಟರಷ್ಟಾಗುತ್ತದೆ. ವೇಗ ಮೂರರಷ್ಟಾಗಬೇಕೆಂದರೆ ಶಕ್ತಿ ಇಪ್ಪತ್ತೇಳರಷ್ಟು ಬೇಕು. ಆದ್ದರಿಂದಲೇ ದಾಖಲೆಯ ಹಿಂದೆ ಬಿದ್ದವರು ಎಂಜಿನ್ನಿನ ಜೊತೆ ಎಷ್ಟು ಗುದ್ದಾಡುತ್ತಾರೋ ತಮ್ಮ ಮೈಯ ಆಕಾರದ ಜೊತೆಗೂ ಅಷ್ಟೇ ಗುದ್ದಾಡುತ್ತಾರೆ. 1948ರ ಸೆಪ್ಟೆಂಬರ್ 13ರಂದು ರೋಲಿ ಫ್ರೀ ಎಂಬ ಅಮೆರಿಕನ್ ಸವಾರ ಬಾನೆವಿಲ್ಲಿನಲ್ಲಿ ವಿನ್ಸೆಂಟ್ ಮೋಟಾರುಸೈಕಲನ್ನು ಓಡಿಸುತ್ತಿದ್ದ. ಗಾಳಿಯ ಹೊಡೆತಕ್ಕೆ ಅವನ ಚರ್ಮದ ಉಡುಪು ಹರಿಯಿತು. ಗಂಟೆಗೆ 150 ಮೈಲಿಯ ಗುರಿಗೆ ಕೂದಲೆಳೆಯಷ್ಟು ಕಡಮೆ ಬೀಳುತ್ತಿತ್ತು. ಆಗ ಆತ ಉಡುಪನ್ನೇ ಕಳಚಿ, ಈಜುಚಡ್ಡಿಯಲ್ಲಿ, ಗಾಡಿಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಕಾಲುಗಳನ್ನು ಹಿಂದಕ್ಕೆ ಚಾಚಿ ಓಡಿಸಿ 150.313 ಮೈಲಿಯನ್ನು ಮುಟ್ಟಿದ. ಆ ಭಾವಚಿತ್ರವನ್ನು ನೋಡಿದವರು ನಗುತ್ತಾರೆ. ಆ ವೇಗದಲ್ಲಿ ಬಿದ್ದಿದ್ದರೆ ಉಪ್ಪು ಅವನ ಮೈಯನ್ನು ಏನು ಮಾಡುತ್ತಿತ್ತೆಂಬುದು ನೆನಪಾದೊಡನೆ ನಗು ನಿಲ್ಲುತ್ತದೆ.

ಆ ವಿನ್ಸೆಂಟ್ ಅಂದಿಗೆ ಹೊಸ ಗಾಡಿ. ನನ್ನ ಕತೆಯ ನಾಯಕನ ಗಾಡಿ ಹಾಗಲ್ಲ. ಅವನ ಹೆಸರು ಬರ್ಟ್ ಮನ್ರೋ; ಹುಟ್ಟಿದ್ದು 1899ರಲ್ಲಿ; ಊರು ನ್ಯೂಜಿಲೆಂಡಿನ ದಕ್ಷಿಣದ ತುದಿಯ ಇನ್ವರ್‌ಕಾರ್ಗಿಲ್. 1920ರಲ್ಲಿ ಅವನೊಂದು ಹೊಸ ಮೋಟಾರುಸೈಕಲನ್ನು ಕೊಂಡ. ಅದರ ಹೆಸರು ಇಂಡಿಯನ್ ಸ್ಕೌಟ್. ಹೆಸರು ಕೇಳಿ ನಾವು ಹಿಗ್ಗಬೇಕಾಗಿಲ್ಲ. ಅಮೆರಿಕದ ಮೂಲನಿವಾಸಿಗಳ ಹೆಸರನ್ನು ಹೊತ್ತ ಅಮೆರಿಕದ ಕಂಪೆನಿ ಅದು. 600 ಸಿ.ಸಿ.ಯ ಆ ಗಾಡಿ ಗಂಟೆಗೆ 55 ಮೈಲಿ, ಎಂದರೆ ಸುಮಾರು 89 ಕಿಲೋಮೀಟರು ಓಡುತ್ತಿತ್ತು. ಹೆಚ್ಚಿನವರು ಅಷ್ಟಕ್ಕೆ ತೃಪ್ತರಾಗಿ, ಕೆಲವು ವರ್ಷ ಬಳಸಿ ಮಾರಿಬಿಡುತ್ತಿದ್ದರು. ಮನ್ರೋ ಮಾರಲಿಲ್ಲ. 1926ರಲ್ಲಿ ಅದನ್ನು ಬಿಚ್ಚಿ ಬದಲಿಸತೊಡಗಿದವನು ನಾಲ್ಕು ದಶಕಗಳ ಕಾಲ ಆ ಕೆಲಸವನ್ನು ಬಿಡಲಿಲ್ಲ.

ಅವನಲ್ಲಿ ಹಣವಿರಲಿಲ್ಲ; ಹಗಲು ಮೋಟಾರುಸೈಕಲುಗಳನ್ನು ಮಾರುವ ಕೆಲಸ, ರಾತ್ರಿ ತನ್ನ ಗಾಡಿಯ ಕೆಲಸ. ಪಿಸ್ಟನ್ನುಗಳನ್ನು ಹಳೆಯ ತಗಡಿನ ಡಬ್ಬಿಗಳಲ್ಲಿ ಎರಕ ಹೊಯ್ದ. ಸಿಲಿಂಡರುಗಳನ್ನೂ ಫ್ಲೈವೀಲುಗಳನ್ನೂ ತಾನೇ ಮಾಡಿಕೊಂಡ. ಟ್ರ್ಯಾಕ್ಟರೊಂದರ ಹಳೆಯ ಅಚ್ಚಿನಿಂದ ಕನೆಕ್ಟಿಂಗ್ ರಾಡುಗಳನ್ನು ಅರದಿಂದ ಉಜ್ಜಿ ಉಜ್ಜಿ ರೂಪಿಸಿದ. ಸೂಕ್ಷ್ಮವಾದ ಅಳತೆಗೆ ಅವನ ಸಲಕರಣೆ ಚಕ್ರದ ಒಂದು ಹಳೆಯ ಕಡ್ಡಿ. ಮಾಡಿದ್ದು ಮುರಿಯುತ್ತಿತ್ತು, ಮುರಿದದ್ದನ್ನು ಮತ್ತೆ ಮಾಡುತ್ತಿದ್ದ. ಸುಟ್ಟ ಪಿಸ್ಟನ್ನುಗಳನ್ನೂ ತುಂಡಾದ ರಾಡುಗಳನ್ನೂ ಎಸೆಯದೆ ಒಂದು ಕಪಾಟಿನಲ್ಲಿ ಸಾಲಾಗಿ ಜೋಡಿಸಿ, ವೇಗದ ದೇವರಿಗೆ ಇವು ನೈವೇದ್ಯ ಎಂಬರ್ಥದ ಬರಹವನ್ನು ಅಲ್ಲಿ ಬರೆದಿದ್ದ. ನಮ್ಮ ಭೂತಸ್ಥಾನಗಳಲ್ಲಿ ಹರಕೆಯ ಮಣ್ಣಿನ ಬೊಂಬೆಗಳನ್ನು ಸಾಲಾಗಿಟ್ಟಿರುವುದನ್ನು ಕಂಡ ನನಗೆ ಆ ಕಪಾಟು ಅಪರಿಚಿತವೆನಿಸಲಿಲ್ಲ.

ಈ ಭಕ್ತಿಗೆ ಅವನು ತೆತ್ತ ಬೆಲೆಯನ್ನು ಮುಚ್ಚಿಡಬಾರದು. 1940ರ ದಶಕದ ಕೊನೆಯ ಹೊತ್ತಿಗೆ ಅವನ ದಾಂಪತ್ಯ ಮುರಿದಿತ್ತು, ಕೆಲಸವನ್ನೂ ಬಿಟ್ಟ. ಗಾಡಿಯಿದ್ದ ಕೊಟ್ಟಿಗೆಯಲ್ಲೇ ಮಲಗಿ, ಅಲ್ಲೇ ಎದ್ದು, ಪೂರ್ತಿಯಾಗಿ ಅದಕ್ಕೇ ಸಂದುಹೋದ. ದಾಖಲೆಗಳ ಪುಸ್ತಕದಲ್ಲಿ ಇದಕ್ಕೊಂದು ಅಂಕಣವಿಲ್ಲ. ದೊಡ್ಡ ಕೆಲಸ ಮಾಡಿದವರ ಕತೆಯನ್ನು ಹೇಳುವಾಗ ಅವರ ಮನೆಯವರ ಕತೆಯನ್ನು ನಾವು ಅರ್ಧ ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ. ನಾನೂ ಈಗ ಅದನ್ನೇ ಮಾಡಿದೆನಲ್ಲ ಎಂಬ ಅಳುಕಿನಿಂದಲೇ ಮುಂದೆ ಹೋಗುತ್ತೇನೆ.

1962ರಲ್ಲಿ ಮನ್ರೋ ಗಾಡಿಯೊಡನೆ ಸಮುದ್ರ ದಾಟಿ ಬಾನೆವಿಲ್ಲಿಗೆ ಹೋದ. ಅವನಿಗಾಗ ಅರುವತ್ತಮೂರು ವರ್ಷ. ನಮ್ಮಲ್ಲಾದರೆ ಪಿಂಚಣಿಯ ಕಾಗದಗಳನ್ನು ಹಿಡಿದು ಕಚೇರಿಗೆ ಅಲೆಯುವ ವಯಸ್ಸು. ಎಂಜಿನ್ನನ್ನು 850 ಸಿ.ಸಿ.ಗೆ ಹಿಗ್ಗಿಸಿದ್ದ, ಗಾಡಿಗೆ ಮೀನಿನ ಮೈಯಂಥ ಕವಚ ತೊಡಿಸಿದ್ದ. ಆ ವರ್ಷ ಗಂಟೆಗೆ 178.97 ಮೈಲಿಯ ದಾಖಲೆ ಅವನದಾಯಿತು. ಅಲ್ಲಿಗೆ ಸಾಕೆನ್ನಲಿಲ್ಲ. ಒಟ್ಟು ಒಂಬತ್ತು ಸಲ ಆ ಉಪ್ಪಿನ ಮೇಲೆ ಓಡಿದ. 1967ರಲ್ಲಿ, ಅರುವತ್ತೆಂಟನೆಯ ವಯಸ್ಸಿನಲ್ಲಿ, ನಲವತ್ತೇಳು ವರ್ಷ ಹಳೆಯ ಗಾಡಿಯಲ್ಲಿ, 950 ಸಿ.ಸಿ.ಯ ಎಂಜಿನ್ನಿನಿಂದ ಅವನು ಸಾಧಿಸಿದ ಎರಡೂ ದಿಕ್ಕಿನ ಸರಾಸರಿ 183.586 ಮೈಲಿ ಎಂದು ದಾಖಲಾಯಿತು. ಅದೇ ವರ್ಷದ ಅರ್ಹತೆಯ ಓಟದಲ್ಲಿ ಒಂದು ದಿಕ್ಕಿನಲ್ಲಿ 190.07 ಮೈಲಿ, ಎಂದರೆ ಸುಮಾರು 306 ಕಿಲೋಮೀಟರು ಮುಟ್ಟಿದ್ದೂ ಉಂಟು. ಆದರೆ ಅದು ದಾಖಲೆಯಲ್ಲ. ಬರಿಯ ಹೋದ ವೇಗ.

ಆ ವರ್ಷದ್ದೇ ಒಂದು ಪ್ರಸಂಗ. ಓಟದ ನಡುವೆ ಗಾಡಿ ಒಲೆದಾಡತೊಡಗಿತು. ಆ ವೇಗದಲ್ಲಿ ಬ್ರೇಕು ಹಿಡಿಯುವಂತಿಲ್ಲ. ಮನ್ರೋ ಕವಚದೊಳಗಿಂದ ಎದ್ದು ಕುಳಿತು ತನ್ನ ಎದೆಯನ್ನೇ ಗಾಳಿಗೆ ಒಡ್ಡಿದ. ಗಾಳಿ ಅವನ ಕನ್ನಡಕವನ್ನು ಕಿತ್ತೊಯ್ದಿತು, ಕಣ್ಣು ಕಾಣಿಸದಾಯಿತು. ಕಪ್ಪು ಗೆರೆಯಿಂದ ದೂರ ಸರಿದಿದ್ದ ಗಾಡಿ ಉಕ್ಕಿನ ಗುರುತುಗೂಟವೊಂದನ್ನು ಕೆಲವೇ ಅಂಗುಲಗಳ ಅಂತರದಲ್ಲಿ ದಾಟಿತು. ಕೊನೆಗೆ ಅದನ್ನು ಒಂದು ಮಗ್ಗುಲಿಗೆ ಒರಗಿಸಿ ಕೆಡವಿ, ತರಚುಗಾಯಗಳೊಡನೆ ಎದ್ದ. ಇಷ್ಟು ವಯಸ್ಸಿಗೆ ಈ ಉಪದ್ವ್ಯಾಪ ಬೇಕಿತ್ತೆ ಎಂದು ಕೇಳಲು ನನಗೂ ಬಾಯಿ ಬರುತ್ತದೆ. ಆದರೆ ಕೇಳುವವನು ಜಗಲಿಯಲ್ಲಿ ಕುಳಿತವನೆಂಬುದೂ ನೆನಪಾಗಿ ಸುಮ್ಮನಾಗುತ್ತೇನೆ.

ಇಲ್ಲೊಂದು ತರ್ಕದ ತೊಡಕಿದೆ. ಪಿಸ್ಟನ್ ಬದಲಾಯಿತು, ಸಿಲಿಂಡರು ಬದಲಾಯಿತು, ಮೈಯೇ ಬದಲಾಯಿತು. ಹಾಗಿದ್ದಮೇಲೆ ಇದು 1920ರ ಗಾಡಿಯೆಂಬುದು ಯಾವ ನ್ಯಾಯದಿಂದ? ಹಳೆಯ ವಾಹನಗಳ ಪ್ರೇಮಿಗಳಲ್ಲಿ ಎರಡು ಪಂಥಗಳಿರುವುದೂ ಈ ಪ್ರಶ್ನೆಯಿಂದಲೇ. ಕಾರ್ಖಾನೆಯಿಂದ ಬಂದ ಮೊಳೆಯೂ ಬದಲಾಗಬಾರದೆನ್ನುವವರು ಒಂದು ಕಡೆ; ಓಡದಿದ್ದ ಮೇಲೆ ಅದು ಗಾಡಿಯೇ ಅಲ್ಲವೆನ್ನುವವರು ಇನ್ನೊಂದು ಕಡೆ. ತಾಳೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ಹೋಲಿಸಿದ ನನಗೆ ಮೊದಲ ಪಂಥದ ಮೇಲೆ ಸಹಜವಾದ ಒಲವು. ಕವಿ ಬರೆದ ಅಕ್ಷರ ಕವಿಯದೇ ಆಗಿರಬೇಕು. ಅದನ್ನು ತಿದ್ದಲು ನಾನಾರು?

ಆದರೆ ನಮ್ಮ ಜಿಲ್ಲೆಯಲ್ಲಿ ಬೆಳೆದವನಿಗೆ ಇನ್ನೊಂದು ಶಿಕ್ಷಣವೂ ಆಗಿರುತ್ತದೆ. ಅದು ತಾಳಮದ್ದಲೆಯ ಶಿಕ್ಷಣ. ಕುಂಬಳೆಯ ಪಾರ್ತಿಸುಬ್ಬನ ಪದ್ಯಗಳು ಹಳೆಯವು. ಭಾಗವತರು ಅವನ್ನೇ ಹಾಡುತ್ತಾರೆ. ಆದರೆ ಅರ್ಥಧಾರಿ ಆ ರಾತ್ರಿ ಆಡುವ ಮಾತು ಆ ರಾತ್ರಿಯದು. ವಾಲಿ ರಾಮನನ್ನು ಕೇಳುವ ಪ್ರಶ್ನೆಗೆ ನಿನ್ನೆಯ ಉತ್ತರ ಇಂದು ಸಾಲದು. ಎದುರಿಗೆ ಕುಳಿತವನು ಬಿಡುವುದಿಲ್ಲ. ಹಳೆಯ ಪ್ರಸಂಗ ಅಲ್ಲಿ ಪ್ರತಿ ರಾತ್ರಿಯೂ ತನ್ನ ಪೂರ್ಣ ವೇಗಕ್ಕೆ ಏರಬೇಕು. ಪದ್ಯವನ್ನು ಹಾಗೆಯೇ ಕಾಪಾಡಿದವರಿಗೂ ಅದನ್ನು ವಾದಕ್ಕೆ ಹೂಡಿದವರಿಗೂ ನಾವು ಋಣಿಗಳು. ಒಬ್ಬರಿಲ್ಲದಿದ್ದರೆ ಇನ್ನೊಬ್ಬರ ಕೆಲಸಕ್ಕೆ ನೆಲೆಯಿಲ್ಲ. ಮನ್ರೋ ಎರಡನೆಯ ಪಂಗಡದವನು. ತನ್ನ ಗಾಡಿಯ ಅರ್ಥಧಾರಿ.

ವೇಗದ ಲೆಕ್ಕಕ್ಕೂ ನಮ್ಮೂರಿಗೂ ಇರುವ ನಂಟನ್ನು ಹೇಳದೆ ಹೋದರೆ ಕೇಳುಗರು ನನ್ನನ್ನು ಕ್ಷಮಿಸಲಾರರು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಮಾಡಿದ ದಾಖಲೆ 9.58. ದೇಶವೆಲ್ಲ ಕುಣಿಯಿತು. ಆದರೆ ಬೋಲ್ಟ್ ನಿಂತಲ್ಲಿಂದ ತನ್ನ ಕಾಲುಗಳಿಂದಲೇ ಹೊರಟವನು. ಕಂಬಳದ ಓಟಗಾರನನ್ನು ಎರಡು ಕೋಣಗಳು ಸೆಳೆಯುತ್ತವೆ, ಅವನ ಕಾಲಡಿಯಲ್ಲಿ ಕೆಸರುನೀರು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಶ್ರೇಯಸ್ಸು ಕೋಣಗಳಿಗೂ ಸಲ್ಲಬೇಕೆಂದು ಹೇಳಿ ಆ ತಿಳಿವಳಿಕೆಯನ್ನು ಮೊದಲು ತೋರಿದವರು ಸ್ವತಃ ಓಟಗಾರರೇ. ಬಾನೆವಿಲ್ಲಿನಲ್ಲಿ ಎಂಜಿನ್ನಿನ ಗಾತ್ರ, ಮೈಯ ರಚನೆ, ಇಂಧನ, ಕಾಲ ಇವುಗಳನ್ನು ನೋಡಿ ನೂರಾರು ವರ್ಗಗಳನ್ನು ಮಾಡಿರುವುದು ಇದಕ್ಕಾಗಿಯೇ. 2010ರಲ್ಲಿ ಅದೇ ಬಯಲಿನಲ್ಲಿ ರಾಕಿ ರಾಬಿನ್ಸನ್ ಮೋಟಾರುಸೈಕಲೊಂದನ್ನು ಗಂಟೆಗೆ 605 ಕಿಲೋಮೀಟರಿಗೂ ಮಿಗಿಲಾಗಿ ಓಡಿಸಿದ. ಅದರಿಂದ ಮನ್ರೋನ ದಾಖಲೆ ಕುಗ್ಗಲಿಲ್ಲ. ಅವನ ವರ್ಗದಲ್ಲಿ ಅದು ಇಂದಿಗೂ ನಿಂತಿದೆ.

ನಿಂತಿದೆಯೆಂದೆ, ಸ್ವಲ್ಪ ಬೆಳೆದಿದೆಯೆಂದೂ ಹೇಳಬೇಕು. ಮನ್ರೋ 1978ರಲ್ಲಿ ತೀರಿಕೊಂಡ. 2014ರಲ್ಲಿ ಅವನ ಮಗ ಹಳೆಯ ಕಾಗದವನ್ನು ನೋಡುತ್ತಿದ್ದಾಗ ಹೋದ ವೇಗ ಮತ್ತು ಬಂದ ವೇಗಗಳ ಸರಾಸರಿ ತೆಗೆಯುವಲ್ಲಿ ತಪ್ಪಾಗಿರುವುದು ಕಣ್ಣಿಗೆ ಬಿತ್ತು. ಸಂಬಂಧಪಟ್ಟ ಸಂಸ್ಥೆ ಅದನ್ನು ಒಪ್ಪಿ 183.586ನ್ನು 184.087 ಎಂದು ತಿದ್ದಿತು. ಸವಾರ ಸತ್ತು ಮೂವತ್ತಾರು ವರ್ಷಗಳ ಮೇಲೆ ಅವನ ವೇಗ ಅರ್ಧ ಮೈಲಿಯಷ್ಟು ಹೆಚ್ಚಿತು. ಮೂಲಪ್ರತಿಯನ್ನು ಮತ್ತೊಮ್ಮೆ ತೆರೆದು ನೋಡುವುದರ ಬೆಲೆ ಇದು. ಗ್ರಂಥ ಸಂಪಾದಕನಾಗಿ ಇಷ್ಟು ಸಂತೋಷಪಡುವ ಹಕ್ಕು ನನಗಿದೆಯೆಂದು ಭಾವಿಸುತ್ತೇನೆ.

ಆ ಸ್ಕೌಟ್ ಗಾಡಿ ಇಂದು ಇನ್ವರ್‌ಕಾರ್ಗಿಲ್ಲಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಪ್ರದರ್ಶನಕ್ಕೆ ನಿಂತಿದೆ. 2005ರಲ್ಲಿ ಮನ್ರೋನ ಮೇಲೆ ಚಲನಚಿತ್ರವೂ ಬಂತು. ಬಾನೆವಿಲ್ಲಿನ ಉಪ್ಪಿನ ಪದರ ಮಾತ್ರ ತೆಳುವಾಗುತ್ತ ಬಂದಿದೆ. 2014 ಮತ್ತು 2015ರಲ್ಲಿ ಅಲ್ಲಿಯ ವೇಗದ ವಾರವನ್ನು ನೆಲ ಸರಿಯಿಲ್ಲದ ಕಾರಣ ನಡೆಸಲಾಗಲಿಲ್ಲ. ಗಾಡಿ ನಿಲ್ಲುತ್ತದೆ, ಸವಾರ ಹೋಗುತ್ತಾನೆ, ನೆಲವೂ ಕರಗುತ್ತದೆ. ಕೊನೆಗೆ ಎಲ್ಲವೂ ನಿಲ್ಲುವುದೇ ನಿಜವಾದರೂ, ತನ್ನ ಓಟವನ್ನು ಮುಗಿಸಿ ನಿಂತದ್ದಕ್ಕೂ ಓಡಬಲ್ಲದ್ದನ್ನು ನಾವು ನಿಲ್ಲಿಸಿಟ್ಟಿದ್ದಕ್ಕೂ ವ್ಯತ್ಯಾಸವಿದೆ.

ಇನ್ನು ನನ್ನ ಲೆಕ್ಕ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ್ದು ಗಾಳಿ ಬೆನ್ನಿಗಿದ್ದ ಕಾಲ. ಕಾಲೇಜಿನ ಗಂಟೆ, ಎದುರಿಗೆ ಹುಡುಗರು, ತಿಂಗಳ ಸಂಬಳ ಎಲ್ಲವೂ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದವು. ಅದನ್ನೆಲ್ಲ ನನ್ನ ಸ್ವಂತ ಬಲವೆಂದು ತಿಳಿದಿದ್ದೆ. ಈಗ ಹಿಂದಿರುಗುವ ಓಟ, ಗಾಳಿ ಎದುರಿನಿಂದ. ಅರ್ಧಕ್ಕೆ ಬಿಟ್ಟಿದ್ದ ಹಸ್ತಪ್ರತಿಯೊಂದರ ಸಂಪಾದನೆಯನ್ನು ಕಳೆದ ತಿಂಗಳು ಮತ್ತೆ ಕೈಗೆತ್ತಿಕೊಂಡಿದ್ದೇನೆ. ದಿನಕ್ಕೆ ಎರಡು ಗರಿ ಸಾಗಿದರೆ ಹೆಚ್ಚು. ಕಣ್ಣು ಸೋಲುತ್ತದೆ. ಆದರೂ ಇದನ್ನು ಕೂಡಿಸದೆ ನನ್ನ ಸರಾಸರಿ ಸಿಕ್ಕುವುದಿಲ್ಲ.

ಹೋದ ಭಾನುವಾರ ಹುಡುಗ ಜಾವಾದಲ್ಲಿ ಸುರತ್ಕಲ್ಲಿನವರೆಗೆ ಹೋಗಿ ಬಂದ. ಮೆಲ್ಲಗೆ ಹೋಗೆಂದು ನಾನು ಹೇಳಿದ್ದೆ; ಕೇಳಿದನೆಂದು ಅವನ ಮಾತು. ಗಾಡಿ ನಿಲ್ಲಿಸಿ ಬಂದವನು ಮೆಟ್ಟಲಲ್ಲಿ ಕುಳಿತು, "ಹೋಗುವಾಗ ಲಾಯ್ಕದಲ್ಲಿ ಓಡಿತು ಮಾಸ್ಟ್ರೇ. ಬರುವಾಗ ಎದುರುಗಾಳಿ, ಸ್ವಲ್ಪ ಏದುಸಿರು ಬಿಟ್ಟಿತು" ಎಂದ.

"ಬಂತಲ್ಲ?" ಎಂದು ಕೇಳಿದೆ.

"ಬಂತು."

"ಹಾಗಾದರೆ ಎರಡನ್ನೂ ಕೂಡಿಸಿ ಬರೆದಿಡು" ಎಂದೆ.